‘ಅವರೂ ಏನೋ ಮಾಡಿರ್ತಾರೆ ಬಿಡಿ’

ಹೊರಗಿನವರ ಮೇಲೆ ಹಲ್ಲೆಯಾದ ಸುದ್ದಿ ಬಂದಾಗಲೆಲ್ಲ ಈ ಮಾತು ಕಿವಿಗೆ ಬೀಳುತ್ತದೆ. ಆಫೀಸಿನಲ್ಲಿ ಊಟಕ್ಕೆ ಕೂತಾಗ, ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ, ಊರಿನ ಮದುವೆಮನೆಯ ಜಗಲಿಯಲ್ಲಿ. ಹೇಳುವವರು ಕೆಟ್ಟವರೇನಲ್ಲ. ಬೀದಿನಾಯಿಗೆ ಯಾರಾದರೂ ಕಲ್ಲು ಹೊಡೆದರೆ ಜಗಳಕ್ಕೆ ನಿಲ್ಲುವವರೂ ಇದ್ದಾರೆ ಅವರಲ್ಲಿ. ಆದರೆ ಏಟು ತಿಂದವನು ಆಫ್ರಿಕಾದವನೋ ಮಣಿಪುರದವನೋ ಆಗಿದ್ದರೆ ಮೊದಲು ಬಾಯಿಗೆ ಬರುವುದು ಇದೇ. ನನಗೆ ಈ ಮಾತಿನ ಮೇಲೆ ತುಂಬಾ ದಿನದಿಂದ ಸಿಟ್ಟಿದೆ. ಇವತ್ತು ಬರೆದೇ ಬಿಡುತ್ತೇನೆ. ಉದ್ದ ಆಯಿತು ಅನ್ನಿಸಿದರೂ ದಯವಿಟ್ಟು ಪೂರ್ತಿ ಓದಿ.

2016ರ ಜನವರಿ 31, ಭಾನುವಾರ. ಬೆಂಗಳೂರಿನ ಹೆಸರಘಟ್ಟದ ಕಡೆ ಸುಡಾನ್ ದೇಶದ ವಿದ್ಯಾರ್ಥಿಯೊಬ್ಬ ಓಡಿಸುತ್ತಿದ್ದ ಕಾರು ಹರಿದು 35 ವರ್ಷದ ಹೆಣ್ಣುಮಗಳೊಬ್ಬಳು ತೀರಿಕೊಂಡಳು. ಅದನ್ನು ನಾನು ಕಡಿಮೆ ಮಾಡಿ ಹೇಳುತ್ತಿಲ್ಲ. ಆ ಮನೆಯವರಿಗಾದ ನಷ್ಟ ಯಾರಿಂದಲೂ ತುಂಬಿಕೊಡಲಾಗದ್ದು. ಜನ ಸೇರಿದರು, ಅವನಿಗೆ ಬಡಿದರು, ಕಾರಿಗೆ ಬೆಂಕಿ ಇಟ್ಟರು. ಸುಮಾರು ಅರ್ಧ ಗಂಟೆ ಕಳೆದ ಮೇಲೆ ಅದೇ ದಾರಿಯಲ್ಲಿ ಇನ್ನೊಂದು ಕಾರು ಬಂತು. ಅದರಲ್ಲಿದ್ದದ್ದು ಟಾಂಜಾನಿಯಾದ 21 ವರ್ಷದ ವಿದ್ಯಾರ್ಥಿನಿ ಮತ್ತು ಅವಳ ಸ್ನೇಹಿತರು. ಅಲ್ಲೇನು ನಡೆದಿದೆ ಅನ್ನುವುದೇ ಅವರಿಗೆ ಗೊತ್ತಿರಲಿಲ್ಲ. ಗುಂಪು ಅವರನ್ನೂ ಕಾರಿನಿಂದ ಎಳೆದು ಹೊಡೆಯಿತು, ಆ ಕಾರನ್ನೂ ಸುಟ್ಟಿತು. ಹುಡುಗಿಯ ಬಟ್ಟೆ ಹರಿದರು, ತಪ್ಪಿಸಿಕೊಳ್ಳಲು ಬಸ್ಸು ಹತ್ತಲು ಹೋದರೆ ಒಳಗಿದ್ದವರು ಹೊರಗೆ ದಬ್ಬಿದರು, ಮೈ ಮುಚ್ಚಿಕೊಳ್ಳಲು ಟೀಶರ್ಟ್ ಕೊಡಲು ಬಂದವನಿಗೂ ಏಟು ಬಿತ್ತು ಎಂದು ಅವಳ ಕಡೆಯವರು ಹೇಳಿದರು. ದೂರು ಕೊಡಲು ಠಾಣೆಗೆ ಹೋದರೆ, ಅಪಘಾತ ಮಾಡಿದವನನ್ನು ಮೊದಲು ಕರೆದುಕೊಂಡು ಬನ್ನಿ ಅಂದರಂತೆ.

ಈ ಕೊನೆಯ ವಾಕ್ಯವನ್ನು ಇನ್ನೊಮ್ಮೆ ಓದಿ. ಅವನು ಸುಡಾನಿನವನು. ಇವಳು ಟಾಂಜಾನಿಯಾದವಳು. ಆ ಎರಡು ದೇಶಗಳ ಗಡಿ ಎಲ್ಲೂ ಒಂದಕ್ಕೊಂದು ತಾಗುವುದಿಲ್ಲ, ನಡುವೆ ಬೇರೆ ದೇಶಗಳೇ ಇವೆ. ಭಾಷೆ ಬೇರೆ, ಊಟ ಬೇರೆ, ಕಾರು ಬೇರೆ. ಅವನಿಗೂ ಇವಳಿಗೂ ಆ ಗುಂಪಿನ ಕಣ್ಣಿಗೆ ಕಂಡ ಸಂಬಂಧ ಒಂದೇ, ಮೈಬಣ್ಣ.

ಆಗ ಗೃಹ ಸಚಿವರಾಗಿದ್ದ ಜಿ. ಪರಮೇಶ್ವರ ಅವರು ಇದು ಜನಾಂಗೀಯ ದಾಳಿಯಲ್ಲ, ಮೊದಲು ಆದ ಅಪಘಾತಕ್ಕೆ ಜನರ ಪ್ರತಿಕ್ರಿಯೆ ಎಂದರು. ವಿದೇಶಾಂಗ ಸಚಿವೆ ಸುಷ್ಮಾ ಸ್ವರಾಜ್ ಅವರು ನೋವು ವ್ಯಕ್ತಪಡಿಸಿದರು, ಟಾಂಜಾನಿಯಾದ ಹೈಕಮಿಷನರ್ ಬೆಂಗಳೂರಿಗೇ ಬಂದರು, ಹಲವರ ಬಂಧನವಾಯಿತು, ಕೆಲವು ಪೊಲೀಸರ ಅಮಾನತೂ ಆಯಿತು. ಆದರೆ ಜನಾಂಗೀಯ ಅಲ್ಲ ಅನ್ನುವ ಮಾತು ಮಾತ್ರ ಉಳಿದುಕೊಂಡಿತು. ಯಾರೋ ಒಬ್ಬ ಮಾಡಿದ ತಪ್ಪಿಗೆ ಅದೇ ಬಣ್ಣದ ಇನ್ನೊಬ್ಬಳನ್ನು ಹಿಡಿದು ಹೊಡೆದರೆ, ಅದು ಜನಾಂಗೀಯ ಅಲ್ಲದೆ ಮತ್ತೇನು? ನಾಳೆ ಕನ್ನಡಿಗನೊಬ್ಬ ಮುಂಬೈಯಲ್ಲಿ ಯಾರಿಗೋ ಗಾಡಿ ಗುದ್ದಿದ ಅಂತ, ಅರ್ಧ ಗಂಟೆ ಬಿಟ್ಟು ಆ ಬೀದಿಯಲ್ಲಿ ಬಂದ ನಿಮ್ಮ ತಂಗಿಯ ಬಟ್ಟೆ ಹರಿದರೆ ‘ಜನರ ಪ್ರತಿಕ್ರಿಯೆ’ ಅಂತ ಒಪ್ಪಿಕೊಳ್ಳುತ್ತೀರಾ?

ಒಂದು ವರ್ಷ ತುಂಬುವ ಮೊದಲೇ, 2016ರ ಡಿಸೆಂಬರ್ 31ರ ರಾತ್ರಿ ಎಂ.ಜಿ. ರೋಡ್, ಬ್ರಿಗೇಡ್ ರೋಡ್ ಕಡೆ ಹೆಣ್ಣುಮಕ್ಕಳ ಮೇಲೆ ಕೈ ಹಾಕಿದ ಸುದ್ದಿ ಬಂತು. ಆಗಲೂ ಅದೇ ಗೃಹ ಸಚಿವರು. ಹುಡುಗ ಹುಡುಗಿಯರು ಪಾಶ್ಚಾತ್ಯರನ್ನು ಉಡುಪಿನಲ್ಲೂ ಅನುಕರಿಸುತ್ತಾರೆ ಎಂಬ ಅರ್ಥದ ಮಾತಾಡಿದರು. ಆಮೇಲೆ ನನ್ನ ಮಾತನ್ನು ತಪ್ಪಾಗಿ ಬಿಂಬಿಸಲಾಗಿದೆ ಎಂದೂ ಹೇಳಿದರು. ನಾನು ಒಬ್ಬ ಮಂತ್ರಿಯ ಮೇಲೆ ಎಲ್ಲವನ್ನೂ ಹೊರಿಸುತ್ತಿಲ್ಲ. ಮಂತ್ರಿಗಳು ಇಂಥ ಮಾತನ್ನು ಧೈರ್ಯವಾಗಿ ಆಡುವುದು ಕೇಳುವ ನಾವು ತಲೆ ಆಡಿಸುತ್ತೇವೆ ಅನ್ನುವ ನಂಬಿಕೆಯಿಂದಲೇ. ಆ ಹೊತ್ತಲ್ಲಿ ಯಾಕೆ ಹೊರಗಿದ್ದಳು, ಆ ಕೇರಿಯವನು ಈ ಬೀದಿಗೆ ಯಾಕೆ ಬಂದ. ಈ ಪ್ರಶ್ನೆಗಳನ್ನು ನಾವು ಆಫ್ರಿಕಾದವರಿಗಾಗಿ ಹೊಸದಾಗಿ ಕಂಡುಹಿಡಿದದ್ದಲ್ಲ. ನಮ್ಮ ಊರುಗಳಲ್ಲಿ ದಲಿತರಿಗೆ, ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಕೇಳಿ ಕೇಳಿ ನಾಲಿಗೆ ಪಳಗಿದೆ.

ಹೆಸರಘಟ್ಟದ ಸುದ್ದಿ ಬಂದಾಗ ಹೆಚ್ಚು ಕೇಳಿದ್ದು ಇನ್ನೊಂದು ಪ್ರಶ್ನೆ: ‘ಅವರ ವೀಸಾ ಸರಿ ಇದೆಯಾ?’ ಅದರ ಬೆನ್ನಿಗೇ ಡ್ರಗ್ಸ್, ಕುಡಿತ, ರಾತ್ರಿಯಿಡೀ ಗಲಾಟೆ. ವೀಸಾ ಮುಗಿದರೆ ನೋಡಿಕೊಳ್ಳಲು ವಿದೇಶಿಯರ ನೋಂದಣಿ ಕಚೇರಿ ಇದೆ. ಡ್ರಗ್ಸ್ ಮಾರಿದರೆ ಹಿಡಿದು ಒಳಗೆ ಹಾಕಲು ಕಾನೂನಿದೆ, ಹಾಕುತ್ತಲೂ ಇದ್ದಾರೆ. ರಸ್ತೆಯಲ್ಲಿ ಹೊಡೆಸಿಕೊಂಡು ಬಿದ್ದವಳ ಪಾಸ್‌ಪೋರ್ಟಿಗೂ ಹೊಡೆದವರ ಅಪರಾಧಕ್ಕೂ ಏನು ಸಂಬಂಧ?

2017ರ ಫೆಬ್ರುವರಿ 22ರಂದು ಅಮೆರಿಕದ ಕಾನ್ಸಾಸ್ ರಾಜ್ಯದ ಒಲೇಥದ ಬಾರ್ ಒಂದರಲ್ಲಿ ಕೂತಿದ್ದ ಇಬ್ಬರು ತೆಲುಗು ಎಂಜಿನಿಯರ್‌ಗಳ ಹತ್ತಿರ ಒಬ್ಬ ಬಿಳಿಯ ಬಂದು ಕೇಳಿದ್ದೂ ವೀಸಾ ಬಗ್ಗೆಯೇ. ನಮ್ಮ ದೇಶ ಬಿಟ್ಟು ತೊಲಗಿ ಎಂದು ಕೂಗಿ ಗುಂಡು ಹಾರಿಸಿದ. ಶ್ರೀನಿವಾಸ್ ಕುಚಿಭೋಟ್ಲ ಸತ್ತರು. ಅವರ ಸ್ನೇಹಿತನಿಗೂ, ತಡೆಯಲು ಹೋದ ಇಯಾನ್ ಗ್ರಿಲ್ಲಟ್ ಎಂಬ ಅಮೆರಿಕನ್ನನಿಗೂ ಗಾಯವಾಯಿತು. ನಮ್ಮಲ್ಲಿ ಯಾರೂ ಆವತ್ತು ‘ಶ್ರೀನಿವಾಸ್ ಏನೋ ಮಾಡಿರ್ತಾರೆ ಬಿಡಿ’ ಅನ್ನಲಿಲ್ಲ. ಅನ್ನಬಾರದಿತ್ತು ಕೂಡ.

ಆದರೆ ಅಲ್ಲೂ ಒಂದು ಸಂಗತಿ ನಡೆಯಿತು. ಸಾರ್ವಜನಿಕ ಜಾಗದಲ್ಲಿ ಮಾತೃಭಾಷೆ ಬೇಡ, ಇಂಗ್ಲಿಷಿನಲ್ಲೇ ಮಾತಾಡಿ ಎಂದು ಅಲ್ಲಿನ ನಮ್ಮವರದೇ ಸಂಘದಿಂದ ಸಲಹೆ ಹೊರಟಿತು. ಭಯದಲ್ಲಿ ಹೇಳಿದ್ದು, ಅರ್ಥವಾಗುತ್ತದೆ. ಆದರೂ ಯೋಚಿಸಿ: ಗುಂಡು ಹಾರಿಸಿದ್ದು ಅವನು, ನಾಲಿಗೆ ಬಿಗಿಹಿಡಿಯಬೇಕಾದ್ದು ನಾವು. 2009ರಲ್ಲಿ ಮೆಲ್ಬರ್ನ್‌ನಲ್ಲಿ ಭಾರತೀಯ ವಿದ್ಯಾರ್ಥಿಗಳ ಮೇಲೆ ಸಾಲುಸಾಲಾಗಿ ದಾಳಿಯಾದಾಗಲೂ ಅಲ್ಲಿನ ಪೊಲೀಸರು ರೈಲಿನಲ್ಲಿ ನಿಮ್ಮ ಭಾಷೆಯಲ್ಲಿ ಜೋರಾಗಿ ಮಾತಾಡಬೇಡಿ, ಬೆಲೆಬಾಳುವ ವಸ್ತು ತೋರಿಸಬೇಡಿ ಅಂದಿದ್ದರು. ಇವು ಜನಾಂಗೀಯ ದಾಳಿಗಳಲ್ಲ, ಸಿಕ್ಕಿದವರನ್ನು ದೋಚುವ ಕಳ್ಳರ ಕೆಲಸ ಎಂದೂ ಹೇಳಿದ್ದರು. ಇಡೀ ಭಾರತ ಕೆರಳಿತ್ತು. ಅಮಿತಾಭ್ ಬಚ್ಚನ್ ಆಸ್ಟ್ರೇಲಿಯಾದ ವಿಶ್ವವಿದ್ಯಾಲಯವೊಂದರ ಗೌರವ ಡಾಕ್ಟರೇಟ್ ಬೇಡ ಅಂದರು. ನಮ್ಮ ಟಿವಿಗಳು ದಿನಗಟ್ಟಲೆ ಆಸ್ಟ್ರೇಲಿಯಾಕ್ಕೆ ಛೀಮಾರಿ ಹಾಕಿದವು. ಏಳು ವರ್ಷದ ನಂತರ ನಮ್ಮ ಹೆಸರಘಟ್ಟದಲ್ಲಿ ನಾವು ಅದೇ ಉತ್ತರವನ್ನು ಕನ್ನಡದಲ್ಲಿ ಕೊಟ್ಟೆವು. ನಮ್ಮ ಎಲೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಪಕ್ಕದವರ ಎಲೆಯ ನೊಣ ಎಣಿಸುವುದು ಅಂದರೆ ಇದೇ.

ಕಾನ್ಸಾಸ್‌ನ ಆ ಕೊಲೆಗಾರ ಆಮೇಲೆ ಇನ್ನೊಂದು ಊರಿನ ಬಾರಿಗೆ ಹೋಗಿ ತಾನು ಇಬ್ಬರು ಇರಾನಿಗಳಿಗೆ ಗುಂಡು ಹೊಡೆದೆ ಅಂದಿದ್ದ. ಅದು ವರದಿಯಾದಾಗ ‘ಅಯ್ಯೋ, ಅವರು ಇರಾನಿಗಳಲ್ಲ, ನಮ್ಮವರು, ತಪ್ಪು ತಿಳಿದು ಕೊಂದ’ ಎಂದು ಎಷ್ಟು ಜನ ಮರುಗಿದರು. ಇರಾನಿನವರೇ ಆಗಿದ್ದರೆ? ನನ್ನನ್ನು ಹೆಚ್ಚು ಕಾಡುವುದು ಇದು. ಟಾಂಜಾನಿಯಾದ ಹುಡುಗಿಯ ಪರ ಮಾತಾಡಿದವರೂ ‘ಪಾಪ, ಅವಳು ಆ ಕಾರಿನಲ್ಲಿ ಇರಲೇ ಇಲ್ಲ’ ಅಂದರು. ನಿಜ, ಇರಲಿಲ್ಲ. ಇದ್ದಿದ್ದರೆ ಬಟ್ಟೆ ಹರಿಯಬಹುದಿತ್ತೇ? ಸುಡಾನಿನ ಆ ಹುಡುಗನನ್ನೂ ಪೊಲೀಸರ ಕೈಗೆ ಕೊಡಬೇಕಿತ್ತು, ಕೋರ್ಟು ಶಿಕ್ಷೆ ಕೊಡಬೇಕಿತ್ತು. ಹೊಡೆಸಿಕೊಂಡವರು ಮೊದಲು ತಮ್ಮ ನಿರಪರಾಧದ ಸರ್ಟಿಫಿಕೇಟ್ ತೋರಿಸಲಿ, ಆಮೇಲೆ ನಾವು ಮರುಗುತ್ತೇವೆ ಅನ್ನುವ ಈ ಲೆಕ್ಕವೇ ತಪ್ಪು.

ಇದು ಎಲ್ಲಿಗೆ ಮುಟ್ಟುತ್ತದೆ ನೋಡಿ. ನನ್ನದು ಯಲ್ಲಾಪುರದ ಕಡೆ. ನಮ್ಮ ಜಿಲ್ಲೆಯಲ್ಲಿ ಸಿದ್ದಿಗಳಿದ್ದಾರೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಾಡಿನ ಅಂಚಿನ ಊರುಗಳಲ್ಲಿ. ಪೋರ್ಚುಗೀಸರ ಕಾಲದಲ್ಲಿ ಗುಲಾಮರಾಗಿ ಆಫ್ರಿಕಾದಿಂದ ಗೋವಾಕ್ಕೆ ತಂದವರ ಸಂತತಿ ಇವರಲ್ಲಿ ಬಹಳ ಮಂದಿ. ತಲೆಮಾರುಗಳಿಂದ ಇಲ್ಲಿಯವರೇ. ಕೊಂಕಣಿ, ಕನ್ನಡ ಅವರ ಮಾತು. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ಹೋದರು. ನನ್ನ ಜೊತೆ ಹೈಸ್ಕೂಲಿನಲ್ಲಿ ಓದಿದ ಸಿದ್ದಿ ಗೆಳೆಯನೊಬ್ಬ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಒಮ್ಮೆ ಇಬ್ಬರೂ ಯಶವಂತಪುರದಲ್ಲಿ ಆಟೋ ಹಿಡಿಯಲು ನಿಂತಿದ್ದೆವು. ನಾನು ನಾಲ್ಕು ಹೆಜ್ಜೆ ಹಿಂದೆ ಫೋನಿನಲ್ಲಿದ್ದೆ. ಇವನು ಕೈ ತೋರಿಸಿದರೆ ಆಟೋದವರು ನಿಧಾನ ಮಾಡಿ, ಮುಖ ನೋಡಿ, ಮುಂದೆ ಹೋದರು. ಒಬ್ಬರು ನಿಲ್ಲಿಸಿ ‘ಮೆಜೆಸ್ಟಿಕ್ ಫೈವ್ ಹಂಡ್ರೆಡ್, ನೋ ಮೀಟರ್’ ಅಂದರು. ಇವನು ‘ಅಣ್ಣಾ, ಮೀಟರ್ ಹಾಕಿ, ಮೇಲೆ ಇಪ್ಪತ್ತು ಕೊಡ್ತೇನೆ’ ಅಂದ. ಅವರ ಮುಖ ಅರಳಿಬಿಟ್ಟಿತು. ‘ಅಯ್ಯೋ ನಮ್ಮೋರಾ ನೀವು! ಆಫ್ರಿಕಾದವ್ರು ಅಂದ್ಕೊಂಡೆ ಕಣ್ರೀ. ಅವ್ರನ್ನ ಹತ್ತಿಸ್ಕೊಳಕ್ಕೆ ಭಯ.’ ದಾರಿಯುದ್ದ ಮನೆ, ಮಕ್ಕಳು ಎಲ್ಲ ವಿಚಾರಿಸಿಕೊಂಡರು. ಒಳ್ಳೆಯ ಮನುಷ್ಯರೇ.

ಇಳಿದ ಮೇಲೆ ಗೆಳೆಯ ಅಂದ: ‘ಬಾಯಿ ತೆರೆಯೋಕೆ ಪುರುಸೊತ್ತು ಕೊಟ್ಟರೆ ನಾನು ಬಚಾವ್. ಕೊಡದೇ ಇದ್ದರೆ?’

ಹೆಸರಘಟ್ಟದಂಥ ಗುಂಪು ಪುರುಸೊತ್ತು ಕೊಡುವುದಿಲ್ಲ. ಕೊಟ್ಟರೂ, ಕನ್ನಡ ಮಾತಾಡಿ ಬಚಾವಾಗುವುದು ಇವನೊಬ್ಬ. ಪಕ್ಕದಲ್ಲಿರುವ ಕಾಂಗೋದ ಹುಡುಗನಿಗೆ ಏನು ದಾರಿ?

ಈಶಾನ್ಯದವರ ಕತೆಯೂ ಇದೇ. ‘ನಾವೂ ಭಾರತೀಯರೇ’ ಎಂದು ಅವರು ಎಷ್ಟು ಸಲ ಹೇಳಬೇಕು? 2014ರ ಜನವರಿಯಲ್ಲಿ ಅರುಣಾಚಲದ ನಿಡೋ ತಾನಿಯಾ ದೆಹಲಿಯ ಲಾಜ್‌ಪತ್ ನಗರದ ಅಂಗಡಿಯೊಂದರಲ್ಲಿ ವಿಳಾಸ ಕೇಳಲು ಹೋದ. ಬಣ್ಣ ಹಾಕಿಸಿದ ಕೂದಲು ನೋಡಿ ಅಂಗಡಿಯವರು ಆಡಿಕೊಂಡರು. ಜಗಳವಾಯಿತು, ಅವನು ಅಂಗಡಿಯ ಗಾಜು ಒಡೆದ, ಅವರು ಅವನಿಗೆ ಬಡಿದರು. ಮರುದಿನ ಸತ್ತುಹೋದ. ಶಾಸಕರ ಮಗ. ಅವನ ಸುದ್ದಿ ಬಂದಾಗಲೂ ‘ಗಾಜು ಯಾಕೆ ಒಡೆದ’ ಅಂದವರಿದ್ದರು. ಗಾಜಿಗೆ ಒಂದು ಬೆಲೆ ಇದೆ, ಅದನ್ನು ಕೊಡಬಹುದು.

ಅದಕ್ಕೂ ಮೊದಲು, 2007ರಲ್ಲಿ, ಈಶಾನ್ಯದ ವಿದ್ಯಾರ್ಥಿಗಳಿಗಾಗಿ ದೆಹಲಿ ಪೊಲೀಸರು ಒಂದು ಕೈಪಿಡಿ ತಂದಿದ್ದರು. ಮೈ ಕಾಣುವ ಬಟ್ಟೆ ತೊಡಬೇಡಿ ಎಂದು ಹುಡುಗಿಯರಿಗೆ ಬುದ್ಧಿವಾದ. ಕಳಲೆ, ಅಖುನಿಯಂಥ (ನಾಗಾಗಳು ಸೋಯಾ ಕಾಳು ಹುದುಗಿಸಿ ಮಾಡುವುದು) ವಾಸನೆಯ ಅಡುಗೆ ಮಾಡಿ ಅಕ್ಕಪಕ್ಕದವರಿಗೆ ತೊಂದರೆ ಕೊಡಬೇಡಿ ಎಂದೂ ಇತ್ತು. ಅದನ್ನು ಓದಿದಾಗ ನನಗೆ ನಮ್ಮ ಮನೆಯೇ ಕಣ್ಣೆದುರಿಗೆ ಬಂತು. ಮಳೆಗಾಲ ಶುರುವಾಗುತ್ತಿದ್ದಂತೆ ಬಿದಿರಿನ ಎಳೆ ಮೊಳಕೆ ತಂದು, ಸಿಪ್ಪೆ ಸುಲಿದು, ಸಣ್ಣಗೆ ಹೆಚ್ಚಿ ನೀರಲ್ಲಿ ಹಾಕಿಡುತ್ತಾರೆ. ದಿನಾ ನೀರು ಬದಲಿಸಬೇಕು, ಇಲ್ಲದಿದ್ದರೆ ನಂಜು. ಮೂರನೇ ದಿನಕ್ಕೆ ಅಡುಗೆಮನೆ ತುಂಬಾ ಅದರದೇ ಹುಳಿ ವಾಸನೆ. ಮಲೆನಾಡಿನವರಿಗೆ, ಕೊಡಗಿನವರಿಗೆ, ಕರಾವಳಿಯವರಿಗೆ ಕಳಲೆ ಅಂದರೆ ಪ್ರಾಣ. ನಾಗಾ ಹುಡುಗಿ ಅದೇ ಕಳಲೆಯನ್ನು ಬಾಡಿಗೆ ರೂಮಿನಲ್ಲಿ ಬೇಯಿಸಿದರೆ ಮಾತ್ರ ಅದು ಪೊಲೀಸರು ಎಚ್ಚರಿಕೆ ಕೊಡುವ ವಿಷಯವಾಗುತ್ತದೆ.

ಕೊರೊನಾ ಕಾಲದಲ್ಲಿ, 2020ರ ಮಾರ್ಚಿನಲ್ಲಿ, ಮೈಸೂರಿನ ಸೂಪರ್ ಮಾರ್ಕೆಟ್ ಒಂದರಲ್ಲಿ ನಾಗಾಲ್ಯಾಂಡಿನ ವಿದ್ಯಾರ್ಥಿಗಳನ್ನು ಒಳಗೆ ಬಿಡಲಿಲ್ಲ. ಅವರು ವಿಡಿಯೊ ಮಾಡಿದರು, ಪೊಲೀಸರು ಕೇಸು ಹಾಕಿದರು. ವಿಡಿಯೊ ಇಲ್ಲದಿದ್ದರೆ ನಾವು ಏನು ಹೇಳುತ್ತಿದ್ದೆವು ಎಂದು ಬೇರೆ ಬರೆಯಬೇಕಿಲ್ಲ, ಮೇಲಿನ ಶೀರ್ಷಿಕೆಯಲ್ಲೇ ಇದೆ.

ನಿಡೋ ಸತ್ತ ಮೇಲೆ ಕೇಂದ್ರ ಸರ್ಕಾರ ಬೇಜ್‌ಬರುವಾ ಸಮಿತಿ ಮಾಡಿತು. 2014ರಲ್ಲೇ ವರದಿ ಬಂತು. ಜನಾಂಗೀಯ ನಿಂದನೆ, ಹಲ್ಲೆಗಳಿಗಾಗಿ ದಂಡಸಂಹಿತೆಯಲ್ಲಿ ಪ್ರತ್ಯೇಕ ಕಲಮುಗಳು ಬೇಕು ಎಂದು ಸಮಿತಿ ಹೇಳಿತ್ತು. ಅವು ಬರಲಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಒಂದಿಷ್ಟು ಇದೆ: ಐದು ಅಥವಾ ಹೆಚ್ಚು ಜನ ಸೇರಿ ಜನಾಂಗ, ಜಾತಿ, ಹುಟ್ಟಿದ ಊರು, ಭಾಷೆ ಇಂಥ ಕಾರಣಕ್ಕೆ ಕೊಂದರೆ 103(2), ತೀವ್ರ ಗಾಯ ಮಾಡಿದರೆ 117(4). ಇಲ್ಲಿ ಕಾರಣ ಅನ್ನುವುದೇ ಎಲ್ಲ. ದೂರಿನಲ್ಲಿ ಕಾರಣ ಬರೆಯದೆ ‘ಮಾತಿಗೆ ಮಾತು ಬೆಳೆದು ಗಲಾಟೆ’ ಎಂದು ಬರೆದರೆ ಈ ಕಲಮುಗಳ ಹತ್ತಿರವೂ ಕೇಸು ಸುಳಿಯುವುದಿಲ್ಲ. ಜನಾಂಗೀಯ ಅಲ್ಲ, ಅವರದ್ದೂ ತಪ್ಪಿತ್ತು ಎಂಬ ಮಾತು ಲಿಫ್ಟಿನಲ್ಲಿ ಆಡಿ ಮರೆಯುವ ಹರಟೆಯಾಗಿ ಉಳಿಯುವುದಿಲ್ಲ, ಠಾಣೆಯ ಕಾಗದಕ್ಕೂ ಇಳಿಯುತ್ತದೆ.

ಹಾಗಾಗಿ ಇದನ್ನು ಓದುತ್ತಿರುವ ಕನ್ನಡ ಬಲ್ಲವರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಬೀದಿಯಲ್ಲಿ, ಪಿಜಿಯಲ್ಲಿ, ಕಾಲೇಜಿನಲ್ಲಿ ಇಂಥದ್ದೇನಾದರೂ ಆದರೆ 112ಕ್ಕೆ ಫೋನ್ ಮಾಡಿ. ಹೊಡೆಸಿಕೊಂಡವರ ಜೊತೆ ಠಾಣೆಗೆ ಹೋಗಿ. ಅವರಿಗೆ ಭಾಷೆ ಬರುವುದಿಲ್ಲ, ನಿಮಗೆ ಬರುತ್ತದೆ. ಹೊಡೆಯುವಾಗ ಏನೆಂದು ಬೈದರೋ ಅದನ್ನು ನಯ ಮಾಡದೆ, ಅದೇ ಶಬ್ದಗಳಲ್ಲಿ ದೂರಿನಲ್ಲಿ ಬರೆಸಿ. ಬರೆದದ್ದನ್ನು ಅವರಿಗೆ ಅರ್ಥವಾಗುವಂತೆ ಓದಿ ಹೇಳಿ, ಆಮೇಲೆ ಸಹಿ ಹಾಕಿಸಿ. ಎಫ್‌ಐಆರ್ ಪ್ರತಿ ಪುಕ್ಕಟೆ ಕೊಡಬೇಕು ಅಂತ ಕಾನೂನೇ ಹೇಳುತ್ತದೆ, ಅದನ್ನು ಕೇಳಿ ಇಸಿದುಕೊಂಡೇ ಬನ್ನಿ.