ಕಿಟಕಿ ಮುಚ್ಚಿ, ಮಳೆ ಬರುತ್ತಿದೆ

ಪಾಠ ಓದಿ ನಿಮಗೆ ಅನಿಸಿದ್ದನ್ನು ಬರೆಯಿರಿ ಅಂತ ಹುಡುಗರಿಗೆ ಹೇಳುವುದು ಮೇಷ್ಟ್ರಾದವನು ಮಾಡಬಾರದ ಕೆಲಸ. ನಾನು ಮಾಡಿದೆ.

ಹಾಸನದ ಕಡೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಡಿಗ್ರಿ ಹುಡುಗರಿಗೆ ಕನ್ನಡ ಹೇಳಿಕೊಡುವವನು ನಾನು. ಇಂಟರ್ನಲ್ಸ್‌ನಲ್ಲಿ ಅಸೈನ್‌ಮೆಂಟಿಗೆ 10 ಅಂಕ. ಇಷ್ಟು ವರ್ಷ ‘ಕವಿ ಪರಿಚಯ’ ಬರೆಸಿ, ಬಂದದ್ದಕ್ಕೆಲ್ಲ ಎಂಟು ಹಾಕಿ ನೆಮ್ಮದಿಯಾಗಿದ್ದೆ. ಆ ಸಲ ಯಾಕೋ ಹುಮ್ಮಸ್ಸು ಬಂತು. ಕಾರಂತರ ‘ಚೋಮನ ದುಡಿ’ ಇಲ್ಲವೇ ಮಾಸ್ತಿಯವರ ‘ಮೊಸರಿನ ಮಂಗಮ್ಮ’, ಯಾವುದಾದರೂ ಒಂದನ್ನು ಓದಿ. ಗೈಡ್ ಮುಟ್ಟಬೇಡಿ, ಫೋನ್ ಮುಟ್ಟಬೇಡಿ. ನಿಮ್ಮ ಮನೆ, ನಿಮ್ಮ ಊರು, ನಿಮಗೆ ಹೊಳೆದದ್ದು, ಅಷ್ಟೇ ಬರೆಯಿರಿ ಅಂದೆ.

“ಎಷ್ಟು ಪುಟ ಸಾರ್?”

ಅನಿಸಿಕೆಗೆ ಪುಟದ ಲೆಕ್ಕ ಎಂಥದಪ್ಪಾ ಅಂದೆ.

“ಆದ್ರೂ ಸಾರ್?”

ನಾಲ್ಕು ಅಂದೆ. ಒಂದು ಮಗ್ಗುಲಾ, ಎರಡೂ ಮಗ್ಗುಲಾ ಅಂತ ಇನ್ನೊಬ್ಬ ಎದ್ದ. ಅಲ್ಲಿಗೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು.

ಮೊದಲ ಪೆಟ್ಟು ದುಡಿಯದೇ. ಚೋಮ ದಕ್ಷಿಣ ಕನ್ನಡದವನು. ಅವನ ದುಡಿ ಅಂದರೆ ಬಾರಿಸುವ ಪುಟ್ಟ ವಾದ್ಯ. ನಮ್ಮ ಕಡೆ ಹುಡುಗರಿಗೆ ತಮಟೆ ಗೊತ್ತು, ಡೊಳ್ಳು ಗೊತ್ತು. ದುಡಿ ಅಂದರೆ ಕೆಲಸ ಮಾಡು ಅಂತಲೇ ಅರ್ಥ. ‘ಧಣಿಗಳು ಸದಾ ಚೋಮನಿಗೆ ದುಡಿ, ದುಡಿ ಎಂದು ಹೇಳುತ್ತಿದ್ದುದರಿಂದ ಕಾದಂಬರಿಗೆ ಈ ಹೆಸರು ಬಂದಿದೆ’ ಅಂತ ಒಬ್ಬ ಬರೆದಿದ್ದ. ತಪ್ಪು ಅಂತ ಗೀಟು ಎಳೆಯಲು ಹೋದೆ. ಕೈ ಬರಲಿಲ್ಲ. ಜೀತದಾಳಿನ ಕತೆಗೆ ಅದೂ ಒಪ್ಪುವ ಹೆಸರೇ ಅಲ್ವಾ? 1933ರಲ್ಲಿ ಕಾರಂತರಿಗೆ ಇದು ಹೊಳೆದಿರಲಿಕ್ಕಿಲ್ಲ, ಅಷ್ಟೇ. ಅರ್ಧ ಅಂಕ ಹಾಕಿದೆ.

ಆಮೇಲೆ ಒಂದು ಹುಡುಗಿಯ ಹಾಳೆ ಬಂತು. ‘ಹೊಲ ಉಳುವ ಆಸೆ ಹೊತ್ತು ಬಂದ ಚೋಮನಿಗೆ ಸಮಾಜ ಬಾಗಿಲು ಮುಚ್ಚಿತು ಕಿಟಕಿ ಮುಚ್ಚಿ ಮಳೆ ಬರುತ್ತಿದೆ.’ ನಾನು ಕುರ್ಚಿಯಿಂದ ಸ್ವಲ್ಪ ಮೇಲೆದ್ದೆ. ಬಾಗಿಲು, ಕಿಟಕಿ, ಹೊರಗೆ ಸುರಿಯುವ ಮಳೆ. ಅಲ್ಪವಿರಾಮ ಕೂಡ ಇಲ್ಲದೆ ಹರಿದುಹೋಗುವ ವಾಕ್ಯ. ನಮ್ಮ ಕಾಲೇಜಿನಲ್ಲಿ ಒಬ್ಬ ಕವಿ ಹುಟ್ಟಿದಳಲ್ಲ ಅಂತ ಖುಷಿಯಾಗಿ, ಮಗ್ಗುಲಲ್ಲಿ ಕೆಂಪು ಶಾಯಿಯಲ್ಲಿ ‘ಅದ್ಭುತ ರೂಪಕ!’ ಅಂತ ಬರೆದೆ.

ಮುಂದಿನ ಹಾಳೆಯಲ್ಲೂ ಅದೇ ರೂಪಕ. ಅದರ ಮುಂದಿನದರಲ್ಲೂ. ಐದನೆಯದಕ್ಕೆ ಬರುವ ಹೊತ್ತಿಗೆ ಕಾಲೇಜಿನ ತುಂಬ ಕವಿಗಳಾಗಿದ್ದರು.

ಮೂಲ ಹುಡುಕಿಕೊಂಡು ಎದುರಿನ ಜೆರಾಕ್ಸ್ ಅಂಗಡಿಗೆ ಹೋದೆ. “ಚೋಮನ ದುಡಿ ನೋಟ್ಸ್ ತಾನೇ ಸಾರ್? ಇಪ್ಪತ್ತು ರೂಪಾಯಿ” ಅಂದ. ಕೊಟ್ಟು ತಂದೆ. ಎರಡನೇ ಪುಟಕ್ಕೆ ಬರುತ್ತಿದ್ದ ಹಾಗೆ ಬೆವರು ಬಂತು. ಅವು ನನ್ನವೇ ನೋಟ್ಸ್. ಹತ್ತು ವರ್ಷದ ಹಿಂದೆ ನಾನೇ ಡಿಕ್ಟೇಟ್ ಮಾಡಿಸಿದವು. ಆವತ್ತು ಪಾಠದ ನಡುವೆ ಜೋರು ಮಳೆ ಎರಚಲು ಹೊಡೆದು, ಮೂಲೆಯ ಬೆಂಚಿನವರಿಗೆ ಕಿಟಕಿ ಮುಚ್ಚಿ ಅಂದಿದ್ದೆ. ಯಾರೋ ಒಬ್ಬ ನಿಷ್ಠಾವಂತ ಅದನ್ನೂ ಬರೆದುಕೊಂಡಿದ್ದ. ಹತ್ತು ವರ್ಷ ಆ ಕಿಟಕಿ ಯಾರ ಕಣ್ಣಿಗೂ ಬೀಳದೆ ಬ್ಯಾಚಿನಿಂದ ಬ್ಯಾಚಿಗೆ ಹೋಗಿತ್ತು. ‘ಇಲ್ಲಿ ನಿಲ್ಲಿಸಿ, ಬೆಲ್ ಆಯಿತು’ ಅನ್ನುವುದೂ ಇತ್ತು. ಅದನ್ನು ಮಾತ್ರ ಯಾರೂ ಬರೆದಿರಲಿಲ್ಲ. ಹುಡುಗರು ಅಷ್ಟೇನೂ ದಡ್ಡರಲ್ಲ.

ಬೇಜಾರಾಗಿದ್ದು ನಕಲಿಗಲ್ಲ. ಹೆಚ್ಚಿನ ಹಾಳೆಗಳಿಗೆ ನಾನು ‘ಅಭಿಪ್ರಾಯದಲ್ಲಿ ಹೊಸತನವಿಲ್ಲ’ ಅಂತ ಬರೆದು ಹತ್ತಕ್ಕೆ ಐದು ಹಾಕಿದ್ದೆ.

ಮಂಗಮ್ಮನ ಪಾಳಿ ಬಂತು. ಆ ಕತೆಯಲ್ಲಿ ಸೊಸೆ ಮಗುವನ್ನು ಹೊಡೆದಳು ಅಂತ ಅತ್ತೆ ಸೊಸೆಗೆ ಜಗಳವಾಗಿ ಒಲೆ ಬೇರೆಯಾಗುತ್ತದೆ. ಒಬ್ಬ ಹುಡುಗಿ ಬರೆದಿದ್ದಳು: ‘ಹೊಡೆದದ್ದು ಬರೀ ನೆಪ. ಮನೆಯಲ್ಲಿ ಯಾರ ಮಾತು ನಡೆಯಬೇಕು ಅನ್ನುವುದೇ ಜಗಳ. ನಮ್ಮ ಮನೆಯಲ್ಲಿ ಹಾಲು ಕರೆದು ಡೇರಿಗೆ ಹಾಕುವುದು ಅಮ್ಮ. ಪಾಸ್‌ಬುಕ್ ಇಟ್ಟುಕೊಳ್ಳುವುದು ಅಜ್ಜಿ. ಬಟವಾಡೆ ದಿನ ಇಬ್ಬರೂ ಮಾತಾಡುವುದಿಲ್ಲ.’ ಮುಂದೆ ಅಜ್ಜಿ ಎಷ್ಟು ಜಿಪುಣಿ, ಬಾಯಿ ಎಷ್ಟು ಜೋರು ಅಂತೆಲ್ಲ ಎರಡು ಪುಟ. ವಿಮರ್ಶೆ ಅಂದರೆ ಇದಪ್ಪಾ ಅಂತ ಒಂಬತ್ತು ಕೊಟ್ಟೆ. ಹೆಸರು ಹೇಳದೆ ಕ್ಲಾಸಿನಲ್ಲಿ ಓದಿಯೂ ಬಿಟ್ಟೆ. ಹುಡುಗಿಯ ಹೆಸರು ಮುಚ್ಚಿಟ್ಟೆ, ಸೀಮೆಹಸುವಿನ ಹೆಸರು ಮುಚ್ಚಿಡಲು ಮರೆತೆ. ಅದೇ ಡೇರಿಗೆ ಹಾಲು ಹಾಕುವ ನಾಲ್ಕು ಮನೆಯ ಹುಡುಗರು ಅಲ್ಲೇ ಕೂತಿದ್ದರು.

ಮೂರನೇ ದಿನ ಅಜ್ಜಿ ಸ್ಟಾಫ್ ರೂಮಿಗೆ ಬಂದರು. ಸೊಂಟದಲ್ಲಿ ಎಲೆಅಡಿಕೆ ಚೀಲ, ಕೈಯಲ್ಲಿ ಛತ್ರಿ.

“ಮೇಷ್ಟ್ರೇ, ನಮ್ಮ ಕೂಸು ನನ್ ಮ್ಯಾಲೆ ಏನೋ ಪಾಠ ಬರ್ದದಂತೆ. ವಸಿ ಓದಿ, ಕೇಳಾನ.”

ಹಾಳೆ ತೆಗೆದು ಓದಿದೆ. ಓದುತ್ತಲೇ ತಿದ್ದಿದೆ. ಜಿಪುಣಿ ಅಂತ ಇದ್ದಲ್ಲಿ ‘ಲೆಕ್ಕಾಚಾರದವರು’ ಅಂದೆ. ಬಾಯಿ ಜೋರು ಇದ್ದಲ್ಲಿ ‘ಮಾತು ನೇರ’ ಅಂದೆ. ನನ್ನ ಇಡೀ ಸರ್ವೀಸಿನಲ್ಲಿ ಅಷ್ಟು ಬೆವರಿ ಪಾಠ ಮಾಡಿದ್ದಿಲ್ಲ. ಅಜ್ಜಿಯ ಮುಖ ಸಪ್ಪಗಾಯಿತು.

“ಇಷ್ಟೇಯಾ? ಊರಲ್ಲಿ ಇನ್ನೂ ಚೆನ್ನಾಗಿ ಹೇಳಿದ್ರು. ಪಾಸ್‌ಬುಕ್ ಸಂಗ್ತಿ ಬರ್ದಿಲ್ವಾ?”

ಬರೆದಿದ್ದಾಳೆ ಅಂದೆ.

“ಎಷ್ಟು ಕೊಟ್ರಿ ಅದ್ಕೆ?”

“ಹತ್ತಕ್ಕೆ ಒಂಬತ್ತು ಅಜ್ಜಿ.”

“ನಮ್ಮನೆ ಕತೆಗೆ ನೀವ್ ಯಾಕೆ ಒಂದು ಹಿಡ್ಕಂಡ್ರಿ?”

ಉತ್ತರ ನನಗೆ ಇನ್ನೂ ಹೊಳೆದಿಲ್ಲ.

ಇಷ್ಟಾದ ಮೇಲೆ ಕಟ್ಟನ್ನೇ ಬಸ್ಸಿನಲ್ಲಿ ಬಿಟ್ಟೆ. ಬೇಕಂತಲೇ ಬಿಟ್ಟೆ ಅಂತ ನನ್ನ ಹೆಂಡತಿ ಇವತ್ತಿಗೂ ಹೇಳುತ್ತಾಳೆ. ಸಂಜೆ ಜವಳಿ ಅಂಗಡಿಯ ಕೈಚೀಲದಲ್ಲಿ ಅಸೈನ್‌ಮೆಂಟುಗಳನ್ನು ತುರುಕಿ ಸೀಟಿನ ಕೆಳಗಿಟ್ಟಿದ್ದೆ. ಇಳಿಯುವಾಗ ಊಟದ ಡಬ್ಬಿ ಮಾತ್ರ ಕೈಯಲ್ಲಿತ್ತು. ರಾತ್ರಿಯಿಡೀ ನಿದ್ದೆಯಿಲ್ಲ. ಬೆಳಿಗ್ಗೆ ಅದೇ ಬಸ್ಸು ಹಿಂದಿರುಗಿ ಬರುವುದನ್ನು ಕಾದು ನಿಂತೆ. ಕಂಡಕ್ಟರ್ ಇಳಿದು ಚೀಲ ಕೊಟ್ಟರು.

“ನೈಟ್ ಹಾಲ್ಟಲ್ಲಿ ಸೊಳ್ಳೆ ಸಾರ್, ನಿದ್ದೆ ಬರ್ಲಿಲ್ಲ. ಒಂದೆರಡು ಓದ್ದೆ. ಒಬ್ಬ ಹುಡುಗನಿಗೆ ಮಾರ್ಕ್ಸ್ ಜಾಸ್ತಿ ಕೊಟ್ಟುಬಿಟ್ಟಿದ್ದೀರಿ.”

ಯಾರು ಅಂತ ನನಗೆ ಗೊತ್ತಾಯಿತು. ಕಿಟಕಿಯಿಲ್ಲದ ಕೆಲವೇ ಹಾಳೆಗಳಲ್ಲಿ ಅವನದೊಂದು. ‘ಚೋಮ ಸುಮ್ನೆ ಅಳುತ್ತಾ ಕೂರುವ ಬದಲು ಫಾರಂ 57 ಹಾಕಬೇಕಿತ್ತು. ನಮ್ಮಪ್ಪ 2018ರಲ್ಲಿ ಹಾಕಿದ್ದಾರೆ. ಅದಕ್ಕೆ ಮೊದಲು ನಮ್ಮ ತಾತ 53 ಹಾಕಿದ್ದರು. ಎರಡೂ ಬಂದಿಲ್ಲ. ಆದರೂ ಹಾಕಿದ್ದೇವೆ’ ಅಂತ ಬರೆದಿದ್ದ. ನಾನು ಮೊದಲು ನಕ್ಕಿದ್ದೆ. ಕಾದಂಬರಿ ಬಂದಿದ್ದು 1933ರಲ್ಲಿ, ಸರ್ಕಾರಿ ಜಮೀನನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳುವ ಈ ಬಗರ್ ಹುಕುಂ ಅರ್ಜಿಗಳು ಬಂದಿದ್ದು ಎಷ್ಟೋ ವರ್ಷ ಆದಮೇಲೆ ಅಂತ ಪ್ರಶ್ನೆ ಚಿಹ್ನೆ ಹಾಕಿದ್ದೆ. ಕೊನೆಯ ಸಾಲು ಓದಿದ ಮೇಲೆ ಎಂಟು ಹಾಕಿದ್ದೆ.

“ಸಾರ್, ಫಾರಂ 57 ಹಾಕ್ಬೇಕು ಅಂದ್ರೆ ಸರ್ಕಾರಿ ಜಮೀನಲ್ಲಿ ಮೊದ್ಲೇ ಸಾಗುವಳಿ ಮಾಡ್ತಿರ್ಬೇಕು. ಚೋಮನ್ನ ಉಳೋಕೇ ಬಿಟ್ಟಿಲ್ಲ. ಸಾಗುವಳಿ ಚೀಟಿ ಯಾರು ಕೊಡ್ತಾರೆ?” ಕಂಡಕ್ಟರ್ ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಂಡರು. “ಗೇಣಿಗೆ ಉಳ್ತಿದ್ದಿದ್ರೆ, ದೇವರಾಜ ಅರಸು ಕಾಲದ ಫಾರಂ 7 ಹಾಕ್ಬಹುದಿತ್ತು. ಅದೂ ಇಲ್ಲ. ಆಳು ಅಷ್ಟೆ. ಅವನ ಕೇಸು ಯಾವ ಫಾರಮ್ಮಿಗೂ ಬರಲ್ಲ ಸಾರ್. ನಾನಾಗಿದ್ರೆ ಎರಡು ಕಳೀತಿದ್ದೆ.”

ನಾನು ‘ಚೋಮನ ದುಡಿ’ಯ ಬಗ್ಗೆ ಡಿಕ್ಟೇಟ್ ಮಾಡಿಸಿದ ಹದಿನಾಲ್ಕು ಪುಟದಲ್ಲಿ ಈ ಮಾತು ಎಲ್ಲೂ ಇಲ್ಲ. ಕಿಟಕಿ ಇದೆ.

ಕಂಡಕ್ಟರ್ ಹೀಗೆ ಹೇಳಿದರು ಅಂತ ಹುಡುಗನಿಗೆ ಹೇಳಿದೆ. ಅವನು ಮಾರ್ಕ್ಸ್ ಕಳೆಯುವ ವಿಷಯ ಬಿಟ್ಟು, ಆ ಕಂಡಕ್ಟರ್ ಯಾವ ರೂಟು ಅಂತ ವಿಚಾರಿಸಿದ. ಎರಡು ವಾರ ಅದೇ ಬಸ್ಸಿನಲ್ಲಿ ಓಡಾಡಿದ. ತಾಲ್ಲೂಕು ಆಫೀಸಿನಲ್ಲಿ ಯಾವ ಟೇಬಲ್ಲಿಗೆ ಹೋಗಬೇಕು, ಯಾವ ಕಾಗದದ ನಕಲು ತೆಗೆಸಬೇಕು, ಎಲ್ಲ ಬಸ್ಸಿನಲ್ಲೇ ತಿಳಿದುಕೊಂಡನಂತೆ. ಒಂದು ದಿನ ಸ್ಟಾಫ್ ರೂಮಿಗೆ ಬಂದ.

“ಸಾರ್, ನಾಳೆ ಲೀವ್ ಬೇಕು. ಅಪ್ಪನ ಅರ್ಜಿ ಕಮಿಟಿ ಮುಂದೆ ಬರುತ್ತಂತೆ.”

ಹೋಗಿ ಬಾ ಅಂದೆ. ಬಾಗಿಲ ತನಕ ಹೋದವನು ತಿರುಗಿ ನಿಂತ.

“ಸಾರ್, ಕೊನೆಗೆ ಚೋಮನಿಗೆ ಜಮೀನು ಸಿಗುತ್ತಾ?”

“ಲೋ, ಪುಸ್ತಕ ಓದಿಲ್ವೇನೋ?”

“ಅರ್ಧ ಓದಿದ್ದೀನಿ ಸಾರ್. ನೀವು ನಾಲ್ಕು ಪುಟ ಅಂದ್ರಲ್ಲ, ಅಷ್ಟಕ್ಕೆ ಅರ್ಧವೇ ಸಾಕಾಯ್ತು.”

ಅವನ ಎಂಟು ಅಂಕವನ್ನು ನಾನು ಹಿಂದಿನ ದಿನವೇ ಕಂಪ್ಯೂಟರಿಗೆ ಏರಿಸಿಯಾಗಿತ್ತು.