ಆರೋಪಿ: ಮಳೆ

2024ರ ಮೇ ತಿಂಗಳಲ್ಲಿ ಹಂಪಿಯ ವಿರೂಪಾಕ್ಷ ಬಜಾರಿನ ಸಾಲುಮಂಟಪದ ಒಂದು ಭಾಗ ಬಿತ್ತಲ್ಲ, ಆ ಕೇಸಿನ ಆರೋಪಿ ಯಾರು ಅಂತ ನಿಮಗೆಲ್ಲ ಗೊತ್ತೇ ಇದೆ. ಮಳೆ. ಇಷ್ಟು ಬೇಗ ತನಿಖೆ ಮುಗಿದ ಪ್ರಕರಣ ನಮ್ಮ ರಾಜ್ಯದಲ್ಲಿ ಇನ್ನೊಂದು ಇರಲಿಕ್ಕಿಲ್ಲ. ಸಾಕ್ಷಿ ಬೇಡ, ಹೇಳಿಕೆ ಬೇಡ, ಜಾಮೀನಿನ ರಗಳೆಯಿಲ್ಲ.

ಪಾಪ, ವಿಜಯನಗರದವರಿಗೆ ಮಳೆ ಅಂತ ಒಂದು ಬರುತ್ತೆ ಅನ್ನೋದೇ ಗೊತ್ತಿರಲಿಲ್ಲವೇನೋ. ತುಂಗಭದ್ರೆಯ ದಡದಲ್ಲಿ ರಾಜಧಾನಿ ಕಟ್ಟಿದರು. ಕೆರೆ ಕಟ್ಟಿಸಿದರು, ಕಾಲುವೆ ತೋಡಿಸಿದರು, ದೋಣಿಯಾಕಾರದ ಕಲ್ಲಿನ ಕಾಲುವೆಯಲ್ಲಿ ನೀರು ಹರಿಸಿ ಅರಮನೆ ಆವರಣದ ಪುಷ್ಕರಣಿ ತುಂಬಿಸಿದರು. ಆದರೆ ಮಂಟಪದ ಮೇಲೆ ನೀರು ಬಿದ್ದರೆ ಏನಾಗುತ್ತೆ ಅಂತ ಯೋಚನೆ ಮಾಡಲಿಲ್ಲ, ನೋಡಿ! ಆ ಕಂಬಗಳು ನೂರಾರು ಮಳೆಗಾಲ ತಡೆದುಕೊಂಡವು. 1565ರ ತಾಳಿಕೋಟೆ ಯುದ್ಧದ ನಂತರದ ಲೂಟಿಯನ್ನೂ ತಡೆದುಕೊಂಡವು. 1986ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿ, ಕೇಂದ್ರದ ಇಲಾಖೆ, ರಾಜ್ಯದ ಇಲಾಖೆ, ಅದರ ಮೇಲೊಂದು ಪ್ರಾಧಿಕಾರ ಎಲ್ಲ ಕಾವಲಿಗೆ ಬಂದ ಮೇಲೆ, ಇನ್ನು ನೋಡಿಕೊಳ್ಳುವವರು ಇದ್ದಾರಲ್ಲ ಅಂತ ನೆಮ್ಮದಿಯಾಗಿ ಬಿದ್ದವು.

ಮನುಷ್ಯರು ಕೆಡವಿದರೆ ಮಾತ್ರ ಕಷ್ಟ. 2019ರಲ್ಲಿ ಕಂಬ ತಳ್ಳಿ ವಿಡಿಯೋ ಮಾಡಿದ ಹುಡುಗರು ನೆನಪಿದ್ದಾರಲ್ಲ? ಕೋರ್ಟು ತಲಾ 70,000 ರೂಪಾಯಿ ದಂಡ ಹಾಕಿತು. ಕೆಡವಿದ ಕಂಬವನ್ನು ಅವರ ಕೈಯಿಂದಲೇ ನಿಲ್ಲಿಸಿತು. ಓದಿ ಹೊಟ್ಟೆ ತಣ್ಣಗಾಯಿತು. ಆ 70,000ವನ್ನು 50ರ ನೋಟಿನಲ್ಲೇ ಕಟ್ಟಿದ್ದರೆ ಎಷ್ಟಾಗುತ್ತಿತ್ತು ಅಂತಲೂ ಲೆಕ್ಕ ಹಾಕಿದೆ. 1,400 ನೋಟು. ಹೊಸ ನೋಟಿನ ಬೆನ್ನ ಮೇಲೆ ಇರುವುದು ಹಂಪಿಯ ಕಲ್ಲಿನ ರಥ. ಅಂದರೆ ಒಂದು ಕಂಬಕ್ಕೆ ತಲಾ 1,400 ರಥ. ಕೃಷ್ಣದೇವರಾಯನಿಗೂ ಇಂಥ ವ್ಯಾಪಾರ ಕುದುರಿರಲಿಕ್ಕಿಲ್ಲ.

ರಥದ ಮಾತು ಬಂತು, ಇದನ್ನೂ ಹೇಳಿಬಿಡುತ್ತೇನೆ. ವಿಠ್ಠಲ ದೇವಸ್ಥಾನದ ಕೌಂಟರಿನಲ್ಲಿ ನಮ್ಮ ದೇಶದವರಿಗೆ ಟಿಕೆಟ್ 40 ರೂಪಾಯಿ. ರಥದ ಚಿತ್ರಕ್ಕೆ 50, ಸಾಕ್ಷಾತ್ ರಥಕ್ಕೆ 40! 50ರ ನೋಟು ಕೊಟ್ಟರೆ 10ರ ನೋಟು ವಾಪಸ್ ಬರುತ್ತದೆ. ಹೊಸದಾಗಿದ್ದರೆ ಅದರ ಹಿಂದೆ ಕೋನಾರ್ಕದ ಚಕ್ರ. ರಥ ಕೊಟ್ಟವರಿಗೆ ಚಕ್ರ ಚಿಲ್ಲರೆ. ಈಗ ಎಲ್ಲರೂ ಮೊಬೈಲಿನಲ್ಲೇ ದುಡ್ಡು ಕಳಿಸುವುದರಿಂದ ಈ ಆನಂದವೂ ಹೋಯಿತು. ಅಂದ ಹಾಗೆ ಅದು ರಥವೇ ಅಲ್ಲ, ರಥದ ಆಕಾರದಲ್ಲಿ ಕಟ್ಟಿದ ಗರುಡನ ಗುಡಿ. ಇದನ್ನು ಅಲ್ಲಿ ಯಾರಿಗೂ ಹೇಳಬೇಡಿ, ಫೋಟೋಗೆ ನಿಂತವರಿಗೆ ಬೇಜಾರಾಗುತ್ತೆ.

ಪಕ್ಕದಲ್ಲೇ ಸಂಗೀತದ ಕಂಬಗಳು. ತಟ್ಟುವುದಕ್ಕೆ ನಿಷೇಧವಿದೆ, ಸರಿಯಾದದ್ದೇ. ಆದರೆ ನಮ್ಮ ಜನ ಸುಮ್ನೆ ಇರ್ತಾರಾ? ಆ ಕಂಬ ಬಿಟ್ಟು ಹಂಪಿಯ ಉಳಿದ ಎಲ್ಲ ಕಂಬಗಳನ್ನೂ ತಟ್ಟುತ್ತಾ ಹೋಗುತ್ತಾರೆ. ಆನೆಲಾಯದ ಗೋಡೆಗೆ ಕಿವಿ ಹಚ್ಚಿ ಒಬ್ಬರು ನಿಂತಿದ್ದರು. ಪಕ್ಕದಲ್ಲಿದ್ದ ಹೆಂಡತಿ, "ಏನ್ ಕೇಳಸ್ತತ್ರೀ?" ಅಂದರು. "ಸ್ವಲ್ಪ ತಡೀ, ಶುರುವಾಗಬೇಕು" ಅಂತ ಉತ್ತರ ಬಂತು. ಗೈಡುಗಳ ಇತಿಹಾಸ ಇನ್ನೂ ಚಂದ. ಕಂಬದೊಳಗೆ ಏನಿದೆ ಅಂತ ಬ್ರಿಟಿಷರು ಕತ್ತರಿಸಿ ನೋಡಿದರಂತೆ, ಏನೂ ಸಿಗಲಿಲ್ಲವಂತೆ. ಎಲ್ಲ ಬಿರುಕಿಗೂ ಬ್ರಿಟಿಷರು, ಇಲ್ಲದಿದ್ದರೆ ಸುಲ್ತಾನರು. 1947ರ ಆಗಸ್ಟ್ 15ರಿಂದ ಈಚೆಗೆ ಹಂಪಿಯಲ್ಲಿ ಒಂದು ಕಲ್ಲೂ ಅಲುಗಾಡಿಲ್ಲ.

ಹಂಪಿಯಿಂದ ತುಂಗಭದ್ರೆಯ ಆಚೆ ದಡದ ಆನೆಗೊಂದಿಗೆ ಕಟ್ಟಲು ಹೊರಟ ಸೇತುವೆಯ ಕತೆ ಗೊತ್ತಲ್ಲ. ಹೊಸ ಸೇತುವೆ ಎಬ್ಬಿಸಲು ಹೋಗಿ 1999ರಲ್ಲಿ ಹಂಪಿ ಯುನೆಸ್ಕೋದ ಅಪಾಯದ ಪಟ್ಟಿಗೆ ಸೇರಿತು. 2006ರಲ್ಲಿ ಹೇಗೋ ಹೊರಗೆ ಬಂತು. 2009ರಲ್ಲಿ ಆ ಸೇತುವೆ ಕಟ್ಟುವಾಗಲೇ ಕುಸಿಯಿತು. ಅದೇ ಹೊಳೆಯಲ್ಲಿ ವಿಜಯನಗರ ಕಾಲದ ಸೇತುವೆಯ ಕಲ್ಲುಕಂಬಗಳು ಇವತ್ತಿಗೂ ನಿಂತಿವೆ. ಇದನ್ನು ಹೇಳಿ ನಕ್ಕುಬಿಡಬಹುದಿತ್ತು. ಆದರೆ ಅವತ್ತು ಕೆಲಸಗಾರರು ಸತ್ತರು. ನಗೋಕೆ ಆಗುವುದಿಲ್ಲ.

ಅದೇ ತರ, ಬಜಾರಿನ ವಿಷಯಕ್ಕೆ ಬಂದರೂ ನನಗೆ ನಗು ಬರುವುದಿಲ್ಲ. 1443ರಲ್ಲಿ ಇಲ್ಲಿಗೆ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಈ ಊರಿನ ಪೇಟೆ ನೋಡಿ ಬೆರಗಾಗಿ ಬರೆದ. ಎಲ್ಲೆಲ್ಲೂ ಗುಲಾಬಿ ಮಾರುತ್ತಾರೆ, ಗುಲಾಬಿ ಇಲ್ಲದೆ ಈ ಜನ ಬದುಕಲಾರರು ಅಂದ. ನಾವು ಅಂಥ ಊರಿನ ಪೇಟೆ ಬೀದಿಯನ್ನು ಉಳಿಸಲು ಪೇಟೆಯನ್ನೇ ತೆಗೆದೆವು. 2011ರಲ್ಲಿ ವಿರೂಪಾಕ್ಷ ಬಜಾರಿನ ಮನೆ, ಅಂಗಡಿಗಳ ಮೇಲೆ ಜೆಸಿಬಿ ಓಡಿತು. ಮಂಟಪಕ್ಕೆ ಗೋಡೆ ಕಟ್ಟಿಕೊಂಡು ಒಲೆ ಹಚ್ಚಿದರೆ ಸ್ಮಾರಕ ಹಾಳಾಗುತ್ತೆ ಅಂದರು. ಹಾಳಾಗುತ್ತೆ, ಸುಳ್ಳಲ್ಲ. ಒಪ್ಪೋಣ. ಆ ಜನ ಹೋದರು. ಒಲೆ ಹೋಯಿತು, ಹಗ್ಗದ ಮೇಲೆ ಒಣಹಾಕಿದ ಬಟ್ಟೆ ಹೋಯಿತು, ಬಾಳೆಹಣ್ಣಿನ ಬುಟ್ಟಿ ಹೋಯಿತು. ಆಮೇಲೆ ಆ ಮಂಟಪಗಳನ್ನು ದಿನಾ ನೋಡುವವರು ಯಾರು ಉಳಿದರು? ಚಪ್ಪಡಿಯ ಸಂದಿಯಲ್ಲಿ ಗಿಡ ಹುಟ್ಟಿದೆ, ಈ ಮೂಲೆಯಲ್ಲಿ ನೀರು ಇಳಿಯುತ್ತಿದೆ ಅಂತ ಮೊದಲು ಗೊತ್ತಾಗುವುದು ಅದರ ಕೆಳಗೆ ಮಲಗುವವರಿಗೆ, ಅಲ್ವಾ? ಅವರನ್ನು ಎಬ್ಬಿಸಿದ ಮೇಲೆ ಆ ಕೆಲಸ ಸಂಬಳ ತಗೊಳ್ಳುವವರದ್ದು. ಬೇಸಿಗೆಯಲ್ಲಿ ಮೇಲೆ ಹತ್ತಿ ಸಂದಿ ಮುಚ್ಚಿಸುವುದು, ವಾಲಿದ ಕಂಬಕ್ಕೆ ಮಳೆಗೆ ಮುಂಚೆ ಆಸರೆ ಕೊಡುವುದು. ಇಷ್ಟೇ. ಇದಕ್ಕೆ ಶಿಲ್ಪಶಾಸ್ತ್ರ ಓದಿರಬೇಕಿಲ್ಲ.

ಜನರನ್ನು ಎಬ್ಬಿಸುವುದಕ್ಕೆ ಒಂದು ಜೆಸಿಬಿ ಸಾಕಾಗಿತ್ತು. ಕಂಬ ಎಬ್ಬಿಸಬೇಕಾದರೆ ಮಾತ್ರ ಅಂದಾಜು ಪಟ್ಟಿ ಆಗಬೇಕು, ಅನುಮೋದನೆ ಬರಬೇಕು, ಟೆಂಡರ್ ಕರೆಯಬೇಕು.