ಅನಾಮಧೇಯ ಕುಂಬಳಕಾಯಿ

ಡೊಂಬಿವಲಿಯ ನಮ್ಮ ಬಿಲ್ಡಿಂಗಿನೊಳಗೆ ಕಾಲಿಡುವುದು ಅಷ್ಟು ಸುಲಭವಲ್ಲ. ಗೇಟಿನಲ್ಲಿ ವಾಚ್‌ಮನ್ ಇದ್ದಾನೆ. ಅವನ ಮುಂದೆ ರಿಜಿಸ್ಟರ್ ಇದೆ. ರಿಜಿಸ್ಟರಿಗೆ ದಾರ ಕಟ್ಟಿದ ಪೆನ್ನಿದೆ. ಹೆಸರು, ಮೊಬೈಲ್ ನಂಬರ್, ಯಾರ ಮನೆಗೆ, ಯಾಕೆ, ಎಷ್ಟು ಗಂಟೆಗೆ, ಎಲ್ಲ ಬರೆಯಬೇಕು. ಹೋದ ದೀಪಾವಳಿಗೆ ಕಾರ್ಕಳದಿಂದ ಬಂದ ನಮ್ಮ ಮಾವನವರನ್ನು "ಯಾಕೆ" ಅನ್ನುವ ಕಾಲಮ್ ತುಂಬಿಸದೆ ಮೇಲೆ ಬಿಡಲಿಲ್ಲ. ಪಾಪ, ಅವರು ಚೀಲ ಕೆಳಗಿಟ್ಟು ಸ್ವಲ್ಪ ಹೊತ್ತು ಯೋಚಿಸಿ "ಸುಮ್ನೆ" ಎಂದು ಬರೆದರು. ಗೇಟು ದಾಟಿದರೆ ಸಿಸಿಟಿವಿ, ಅದನ್ನು ದಾಟಿದರೆ ಪ್ರತಿ ಮನೆಗೂ ಸೇಫ್ಟಿ ಡೋರ್, ಅದರ ಹಿಂದೆ ಮರದ ಬಾಗಿಲು, ಬಾಗಿಲಿಗೆ ಮೂರು ಚಿಲಕ.

ಇದೇ ಬಿಲ್ಡಿಂಗಿನ 32 ಮನೆಗಳ ಆಧಾರ್, ಪ್ಯಾನ್, ಶೇರ್ ಸರ್ಟಿಫಿಕೇಟ್, ಮನೆಯ ಅಗ್ರಿಮೆಂಟ್, ಲೈಟ್ ಬಿಲ್ಲು, ಕ್ಯಾನ್ಸಲ್ ಮಾಡಿದ ಚೆಕ್ಕು, ಇಷ್ಟೂ ಕಳೆದ ನಾಲ್ಕು ತಿಂಗಳಿಂದ ಕ್ಲೌಡಿನ, ಅಂದರೆ ಇಂಟರ್ನೆಟ್ಟಿನಲ್ಲಿರುವ ಬೇರೆಯವರ ಕಂಪ್ಯೂಟರಿನ, ಒಂದು ಫೋಲ್ಡರಿನಲ್ಲಿ ಬಿದ್ದುಕೊಂಡಿವೆ. ಅಲ್ಲಿ ವಾಚ್‌ಮನ್ ಇಲ್ಲ. ದಾರ ಕಟ್ಟಿದ ಪೆನ್ನೂ ಇಲ್ಲ.

ಇದಕ್ಕೆಲ್ಲ ಮೂಲ ರಿಡೆವಲಪ್ಮೆಂಟ್. ಮುಂಬಯಿ ಕಡೆಯ ಹಳೇ ಬಿಲ್ಡಿಂಗಿನಲ್ಲಿ ಇದ್ದವರಿಗೆ ಈ ಶಬ್ದವನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇರೆಯವರಿಗೆ ಹೇಳುವುದಾದರೆ, ಬಿಲ್ಡರ್ ನಿಮ್ಮ ಮನೆ ಕೆಡವಿ ಅದಕ್ಕಿಂತ ದೊಡ್ಡ ಮನೆ ಕಟ್ಟಿಕೊಡುತ್ತಾನೆ. ಎಷ್ಟು ದೊಡ್ಡದು ಅನ್ನುವುದು ಈಗಿನ ಮನೆಯ ಕಾರ್ಪೆಟ್ ಏರಿಯಾದ ಮೇಲೆ, ಅಂದರೆ ಗೋಡೆಗಳ ಒಳಗಿನ ನೆಲದ ಅಳತೆಯ ಮೇಲೆ, ನಿಂತಿರುತ್ತದೆ. ನಮ್ಮದು ನಾಲ್ಕು ಮಾಳಿಗೆ, ಲಿಫ್ಟ್ ಇಲ್ಲ. ಮಂಡಿನೋವು ಬಂದಂತೆಲ್ಲ ರಿಡೆವಲಪ್ಮೆಂಟಿಗೆ ಸಹಿ ಹಾಕುವವರು ಜಾಸ್ತಿಯಾದರು. ಕಾಗದಪತ್ರ ಬೇಕು ಎಂದು ಕಮಿಟಿ ನಿರ್ಧರಿಸಿತು. ಮೊದಲಾದರೆ ಝೆರಾಕ್ಸ್ ಮಾಡಿಸಿ, ಅಡ್ಡ ಸಹಿ ಹಾಕಿ, ಸೆಕ್ರೆಟರಿಯವರ ಮನೆಯ ಗೋದ್ರೆಜ್ ಕಪಾಟಿಗೆ ಸೇರಿಸುತ್ತಿದ್ದೆವು. ಅಲ್ಲಿ ಅದನ್ನು ನೋಡುತ್ತಿದ್ದದ್ದು ಜಿರಲೆ ಮಾತ್ರ. ಈ ಸಲ "ಎಲ್ಲ ಡಿಜಿಟಲ್" ಎಂದರು.

ನಮ್ಮ ಸೆಕ್ರೆಟರಿಯವರು ಒಳ್ಳೆಯವರು. ಬ್ಯಾಂಕಿನಿಂದ ರಿಟೈರ್ ಆದವರು, ಉಡುಪಿ ಕಡೆಯವರು. ಅವರು ಗೂಗಲ್ ಡ್ರೈವಿನಲ್ಲಿ ಫೋಲ್ಡರ್ ಮಾಡಿ ಗ್ರೂಪಿಗೆ ಲಿಂಕ್ ಕಳಿಸಿದರು. ನ್ಯಾಯವಾಗಿ ಹೇಳಬೇಕು, ಡ್ರೈವಿನಲ್ಲಿ ಹೊಸ ಫೋಲ್ಡರ್ ಮಾಡಿದರೆ ಅದು ಮೊದಲಿಗೆ ಬೀಗ ಹಾಕಿಕೊಂಡೇ ಹುಟ್ಟುತ್ತದೆ. ಮಾಲೀಕರು ಹೆಸರು ಹೇಳಿ ಕರೆದವರಿಗೆ ಮಾತ್ರ ಪ್ರವೇಶ. ಹಾಗಾಗಿ ಮೊದಲ ದಿನ ಯಾರು ಲಿಂಕ್ ಒತ್ತಿದರೂ "ಅನುಮತಿ ಕೇಳಿ" ಎಂದಿತು. ಎಲ್ಲರೂ ಕೇಳಿದರು. ರಾತ್ರಿಯೊಳಗೆ ಸೆಕ್ರೆಟರಿಯವರಿಗೆ ರಾಶಿ ಮೇಲ್. ಯಾರದ್ದೆಂದು ನೋಡಿದರೆ ಒಂದೂ ಗುರುತು ಸಿಗುತ್ತಿಲ್ಲ. ನಮ್ಮ ಬಿಲ್ಡಿಂಗಿನ ಹಿರಿಯರ ಮೇಲ್ ಐಡಿಗಳೆಲ್ಲ ಸ್ಟೇಷನ್ ರೋಡಿನ ಮೊಬೈಲ್ ಅಂಗಡಿಯ ಹುಡುಗ ಮಾಡಿಕೊಟ್ಟವು. ದಿನಾ ವಿಷ್ಣು ಸಹಸ್ರನಾಮ ಓದುವ 301ರ ರಾಯರ ಐಡಿ "ಕೂಲ್‌ಪ್ರಿನ್ಸ್" ಎಂದು ಶುರುವಾಗುತ್ತದೆ. ಅದು ಅವರಿಗೂ ಗೊತ್ತಿರಲಿಲ್ಲ.

"ಯಾರು ಯಾರು ಅಂತ ಗೊತ್ತಾಗುದು ಹೇಗೆ ಮಾರಾಯ್ರೇ?" ಎಂದು ಸೆಕ್ರೆಟರಿಯವರು ತಲೆ ಕೆರೆದುಕೊಂಡರು. ಆಮೇಲೆ ಒಂದು ಉಪಾಯ ಹುಡುಕಿದರು. 32 ಮನೆಯವರ ಗುರುತು ಸಿಗದ ಕಾರಣ ಇಡೀ ಪ್ರಪಂಚಕ್ಕೆ ಬಾಗಿಲು ತೆರೆದರು. "ಲಿಂಕ್ ಇರುವ ಯಾರಾದರೂ" ಅನ್ನುವುದನ್ನು ಒತ್ತಿದರು. ಅದರ ಪಕ್ಕದಲ್ಲಿ ಬಂದವರಿಗೆ ಏನು ಅಧಿಕಾರ ಎಂದು ಕೇಳುತ್ತದೆ. ವ್ಯೂವರ್, ಕಾಮೆಂಟರ್, ಎಡಿಟರ್. ಇವರು ಎಡಿಟರ್ ಆರಿಸಿದರು. ಯಾಕೆ ಎಂದು ಕೇಳಿದ್ದಕ್ಕೆ, "ವ್ಯೂವರ್ ಅಂದ್ರೆ ಬರೀ ನೋಡುವವರು. ನಮ್ಮ ಮೆಂಬರಿಗೆ ಹಾಗೆ ಹೇಳ್ಲಿಕ್ಕೆ ಆಗ್ತದಾ? ಎಡಿಟರ್ ಅಂದ್ರೆ ಸಂಪಾದಕರು, ಗೌರವ ಉಂಟು" ಎಂದರು. ಮುಂಬಯಿ ಕನ್ನಡಿಗರಲ್ಲಿ ಸಂಪಾದಕರಿಗೆ ಯಾವತ್ತೂ ಬರ ಇರಲಿಲ್ಲ ಬಿಡಿ, ಈಗ ವಾಚ್‌ಮನ್ ಕೂಡ ಸಂಪಾದಕ.

ಲಿಂಕ್ ಮಾರುದ್ದ ಇತ್ತು. ಅಷ್ಟುದ್ದದ್ದನ್ನು ಹೊರಗಿನವರು ಊಹಿಸಲು ಸಾಧ್ಯವೇ ಇಲ್ಲ ಎಂದು ಅವರ ವಾದ. ಅದು ನಿಜವೇ. ಆದರೆ ನೋಟಿಸಿನಲ್ಲಿ ಮಾರುದ್ದದ ಲಿಂಕ್ ಚೆಂದ ಕಾಣುವುದಿಲ್ಲ ಎಂದು ಅವರೇ ಅದನ್ನು ಗಿಡ್ಡ ಮಾಡಿಸಿದರು. 2016ರಲ್ಲಿ ಕಾರ್ನೆಲ್ ಟೆಕ್‌ನ ಸಂಶೋಧಕರು ಆರೇ ಅಕ್ಷರದ ಗಿಡ್ಡ ಲಿಂಕುಗಳನ್ನು ಕಂಪ್ಯೂಟರಿನಿಂದ ಒಂದೊಂದಾಗಿ ತಟ್ಟಿ ನೋಡಿ, ಯಾರ್ಯಾರದೋ ಕ್ಲೌಡ್ ಫೈಲುಗಳು ತೆರೆದುಕೊಳ್ಳುವುದನ್ನು ತೋರಿಸಿದ್ದರು. ಓಣಿಯ ಎಲ್ಲ ಬಾಗಿಲಿನ ಚಿಲಕ ಅಲ್ಲಾಡಿಸುತ್ತ ಹೋದ ಹಾಗೆ. ನಮ್ಮಲ್ಲಿ ಅಷ್ಟು ಕಷ್ಟವೂ ಬೇಕಾಗಲಿಲ್ಲ. ಗಿಡ್ಡ ಲಿಂಕೂ ಟೈಪ್ ಮಾಡಲು ಬರುವುದಿಲ್ಲ ಎಂದು ದೂರು ಬಂತು. ಕ್ಯೂಆರ್ ಕೋಡ್ ಮಾಡಿ ಮೀಟರ್ ಬಾಕ್ಸಿನ ಪಕ್ಕ ಅಂಟಿಸಿದರು. ಅಲ್ಲಿ ಕತ್ತಲೆ, ಸ್ಕ್ಯಾನ್ ಆಗಲ್ಲ ಎಂದು ಇನ್ನೊಂದು ದೂರು. ಕೊನೆಗೆ ಬೆಳಕು ಚೆನ್ನಾಗಿದೆ ಎಂದು ಗೇಟಿನ ಕಂಬಕ್ಕೇ ಅಂಟಿಸಿದರು, ಹೊರಗಿನ ಬದಿಗೆ. ವಡಾಪಾವ್ ಗಾಡಿಯವನು ತನ್ನ ಹಣ ಪಾವತಿಯ ಕ್ಯೂಆರ್ ಇಟ್ಟಿರುವುದು ಅಲ್ಲಿಂದ ನಾಲ್ಕು ಹೆಜ್ಜೆಗೆ. ಮೊದಲ ವಾರ ಎಷ್ಟು ಜನ ವಡಾಪಾವಿಗೆ ದುಡ್ಡು ಕೊಡಲು ಹೋಗಿ ನಮ್ಮ ಪ್ಯಾನ್ ಕಾರ್ಡ್ ನೋಡಿದರೋ, ಪಾಂಡುರಂಗನೇ ಬಲ್ಲ.

ಅಪ್‌ಲೋಡ್ ಮಾಡುವ ಸಂಭ್ರಮವನ್ನು ನೀವು ನೋಡಬೇಕಿತ್ತು. 203ರ ಅಜ್ಜಿ ಧಾರವಾಡ ಕಡೆಯವರು. ಅವರ ಆಧಾರ್ ಫೋಟೋ ತೆಗೆಯಲು ನಾನೇ ಹೋಗಿದ್ದೆ. ಕಾರ್ಡನ್ನು ನವಿಲಿನ ಚಿತ್ರದ ಬೆಡ್‌ಶೀಟಿನ ಮೇಲೆ ಇಟ್ಟರು. ಫ್ಯಾನಿನ ಗಾಳಿಗೆ ಹಾರಿತು. ಹೆಬ್ಬೆರಳಿನಿಂದ ಒತ್ತಿ ಹಿಡಿದರು. ಹೆಬ್ಬೆರಳಿಗೆ ಚಟ್ನಿಪುಡಿ ಹತ್ತಿತ್ತು. ಫೋಟೋದಲ್ಲಿ ಅಜ್ಜಿಯ ಮುಖಕ್ಕಿಂತ ಬೆರಳೇ ಸ್ಪಷ್ಟ. "ಬೆರಳಿನ ಗುರುತೂ ಬಂತಲ್ಲ, ಛಲೋ ಆತ ನೋಡ್ರಿ" ಎಂದರು. ಆಮೇಲೆ ಅಪ್‌ಲೋಡ್ ಒತ್ತುವಾಗ ಒಂದರ ಬದಲು ಇಡೀ ಗ್ಯಾಲರಿ ಸೆಲೆಕ್ಟ್ ಆಯಿತು. ಹಾಗಾಗಿ ಅಜ್ಜಿಯ ಮೊಮ್ಮಗನ ತೊಟ್ಟಿಲ ಕಾರ್ಯಕ್ರಮ, ಸೊಸೆಯ ರಕ್ತಪರೀಕ್ಷೆಯ ರಿಪೋರ್ಟು, 41 ಶುಭೋದಯದ ಗುಲಾಬಿಗಳು ಈಗ ರಿಡೆವಲಪ್ಮೆಂಟ್ ದಾಖಲೆಗಳ ಭಾಗ. ತೆಗೆಯೋಣ ಎಂದರೆ ಅಜ್ಜಿ ಒಪ್ಪಲಿಲ್ಲ. ಬಿಲ್ಡರ್ ನೋಡಲಿ, ಮನೆತುಂಬ ಜನ ಇದ್ದಾರೆ ಅಂತ ದೊಡ್ಡ ಮನೆ ಕೊಡಲಿ ಎಂದು ಅವರ ಲೆಕ್ಕ.

ನಾನು ಸ್ವಲ್ಪ ಜಾಣತನ ಮಾಡಿದೆ. ಆಧಾರಿನ 12 ಅಂಕಿಯಲ್ಲಿ ಕೊನೆಯ ನಾಲ್ಕು ಮಾತ್ರ ಕಾಣುವ ಮಾಸ್ಕ್ಡ್ ಪ್ರತಿ ಸಿಗುತ್ತದಲ್ಲ, ಅದನ್ನು ಇಳಿಸಿಕೊಂಡು ಹಾಕಿದೆ. ಮರುದಿನ ಗ್ರೂಪಿನಲ್ಲಿ ನನ್ನ ಮನೆ ನಂಬರ್ ಹಾಕಿ ನೋಟಿಸ್ ಬಂತು. "402ರವರ ಆಧಾರ್ ಅಪೂರ್ಣ. ಎಂಟು ಅಂಕಿ ಅಳಿಸಿಹೋಗಿದೆ. ಸರಿಯಾದದ್ದು ಹಾಕತಕ್ಕದ್ದು." ಸೆಕ್ರೆಟರಿಯವರನ್ನು ದೂರಿ ಪ್ರಯೋಜನವಿಲ್ಲ. 2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿಯೇ, ಆಧಾರ್ ಝೆರಾಕ್ಸ್ ಕಂಡಕಂಡವರಿಗೆ ಕೊಡಬೇಡಿ, ಮಾಸ್ಕ್ಡ್ ಪ್ರತಿ ಕೊಡಿ ಎಂದು ಪ್ರಕಟಣೆ ಹೊರಡಿಸಿತ್ತು. ಎರಡೇ ದಿನದಲ್ಲಿ, ಜನ ತಪ್ಪು ತಿಳಿದುಕೊಳ್ಳಬಹುದು ಎಂದು ಕೇಂದ್ರ ಸರ್ಕಾರ ಅದನ್ನು ವಾಪಸ್ ಪಡೆಯಿತು. ಎಚ್ಚರಿಕೆಯನ್ನೇ ಮಾಸ್ಕ್ ಮಾಡಿದ ದೇಶದಲ್ಲಿ ನಮ್ಮ ಸೊಸೈಟಿ ಏನು ಮಹಾ. ಪೂರ್ತಿ 12 ಅಂಕಿ ಹಾಕಿ ಬಂದೆ.

ಇದು ನಮ್ಮೊಬ್ಬರ ಕಥೆಯೂ ಅಲ್ಲ. 2017ರಲ್ಲಿ ಅಮೆರಿಕದ ಸುಮಾರು 19.8 ಕೋಟಿ ಮತದಾರರ ವಿವರ ಅಮೆಜಾನ್ ಕ್ಲೌಡಿನಲ್ಲಿ ಪಾಸ್‌ವರ್ಡೇ ಇಲ್ಲದೆ ಬಿದ್ದಿತ್ತು. ಯಾರೂ ಬೀಗ ಒಡೆದಿರಲಿಲ್ಲ, ಇಟ್ಟವರೇ ಹಾಕಿರಲಿಲ್ಲ. ಅಲ್ಲಿ ಫೈಲು ತುಂಬಿಡುವ ಜಾಗಕ್ಕೆ ಬಕೆಟ್ ಅನ್ನುತ್ತಾರೆ. ನೀರು ಹೋಗುತ್ತದೆಂದು ಬೆಳಗಿನ ಐದಕ್ಕೆ ಎದ್ದು ಬಕೆಟ್ ತುಂಬುವ ನಮಗೆ ಗೊತ್ತು, ತುಂಬುವ ಗಡಿಬಿಡಿಯಲ್ಲಿ ಮುಚ್ಚಳ ಯಾರಿಗೂ ನೆನಪಾಗುವುದಿಲ್ಲ. 2023ರ ಏಪ್ರಿಲಿನಿಂದ ಅಮೆಜಾನ್‌ನವರೇ ಹೊಸ ಬಕೆಟ್ಟುಗಳಿಗೆಲ್ಲ ಮುಚ್ಚಳ ಮುಚ್ಚಿಯೇ ಕೊಡುತ್ತಿದ್ದಾರೆ. ಬೇಕೆಂದವರು ಈಗಲೂ ತೆಗೆಯಬಹುದು. ತೆಗೆಯುವವರು ಎಲ್ಲ ಬಿಲ್ಡಿಂಗಿನಲ್ಲೂ ಒಬ್ಬರು ಇರುತ್ತಾರೆ.

ಫೋಲ್ಡರ್ ಬೇಗ ತುಂಬಿತು. ಗೂಗಲ್ ಪುಕ್ಕಟೆ ಕೊಡುವುದು 15 ಜಿಬಿ, ಅದರಲ್ಲೇ ಮೇಲ್, ಫೋಟೋ ಎಲ್ಲ. ಮಹಾರಾಷ್ಟ್ರದ ಸಹಕಾರಿ ಸೊಸೈಟಿ ಕಾಯಿದೆಯ 79ಎ ನಿಯಮದ ಪ್ರಕಾರ ರಿಡೆವಲಪ್ಮೆಂಟಿನ ವಿಶೇಷ ಸಭೆಯನ್ನು ವಿಡಿಯೋ ಮಾಡಬೇಕು. ಮೂರು ಗಂಟೆಯ ಜಗಳದ ವಿಡಿಯೋವನ್ನೂ ಅಲ್ಲೇ ಹಾಕಿದರು. ಜಾಗ ಸಾಲದೆ 100 ಜಿಬಿ ತೆಗೆದುಕೊಂಡರು, ತಿಂಗಳಿಗೆ 130 ರೂಪಾಯಿ. ಲೆಕ್ಕದ ಪುಸ್ತಕದಲ್ಲಿ ಅದನ್ನು "ಮೋಡದ ಬಾಡಿಗೆ" ಎಂದು ಕನ್ನಡದಲ್ಲೇ ಬರೆದರು. ಮರಾಠಿ ಆಡಿಟರ್ ಅದನ್ನು ಓದಿಸಿಕೊಂಡು, ಮಳೆಗಾಲದಲ್ಲಿ ರೇಟು ಕಮ್ಮಿ ಇರುತ್ತಾ ಎಂದು ಕೇಳಿದರು.

ಮಾಡ್ಯುಲರ್ ಕಿಚನ್ ಮಾಡುವವನೊಬ್ಬ ಫೋನ್ ಮಾಡತೊಡಗಿದ. ಇನ್ನೂ ಹಳೇ ಮನೆ ಕೆಡವಿಲ್ಲ, ಇವನು ಹೊಸ ಮನೆಯ ಅಡುಗೆಕಟ್ಟೆಯ ಅಳತೆ ಕೇಳುತ್ತಾನೆ. ನನ್ನ ಪೂರ್ತಿ ಹೆಸರು, ತಂದೆಯ ಹೆಸರು, ಹುಟ್ಟಿದ ತಾರೀಕು ಅವನಿಗೆ ಗೊತ್ತು. ಹುಟ್ಟುಹಬ್ಬಕ್ಕೆ ಶುಭಾಶಯ ಕಳಿಸಿದ್ದು ಈ ವರ್ಷ ಅವನೊಬ್ಬನೇ. ಈ ವಿಷಯ ಸಭೆಯಲ್ಲಿ ಎತ್ತಿದೆ. ಖಾಸಗಿ ಮಾಹಿತಿ ಕಾಪಾಡಲು 2023ರಲ್ಲಿ ಸಂಸತ್ತು ಕಾಯಿದೆಯನ್ನೇ ಮಾಡಿದೆ ಎಂದೆ. ಸೆಕ್ರೆಟರಿಯವರು ಗಂಭೀರವಾಗಿ ಬರೆದುಕೊಂಡರು. ಮರುದಿನ ಆ ಕಾಯಿದೆಯ ಪಿಡಿಎಫ್ ಹುಡುಕಿ ತಂದು ಅದೇ ಫೋಲ್ಡರಿಗೆ ಹಾಕಿದರು.

ಅಷ್ಟರಲ್ಲಿ ಮೃಗಾಲಯ ಶುರುವಾಗಿತ್ತು. ಫೋಲ್ಡರಿನಲ್ಲಿ ಒಂದು ಶೀಟ್ ಇದೆ. ಮನೆ ನಂಬರ್, ಮಾಲೀಕರ ಹೆಸರು, ಕಾರ್ಪೆಟ್ ಏರಿಯಾ. ಹೆಸರು ಹೇಳಿ ಕರೆಸಿಕೊಂಡವರು ಶೀಟ್ ತೆರೆದರೆ ಅವರ ಹೆಸರು ಕಾಣುತ್ತದೆ. ಬರೀ ಲಿಂಕ್ ಹಿಡಿದು ಬಂದವರಿಗೆ ಗೂಗಲ್ ಒಂದೊಂದು ಪ್ರಾಣಿಯ ವೇಷ ಹಾಕಿಸುತ್ತದೆ. ಅನಾಮಧೇಯ ನರಿ, ಅನಾಮಧೇಯ ಬಾವಲಿ, ಹೀಗೆ. ಒಂದು ರಾತ್ರಿ 11 ಗಂಟೆಗೆ ಅನಾಮಧೇಯ ಕ್ವಾಗಾ ಬಂದಿತ್ತು. ಹುಡುಕಿ ನೋಡಿದೆ. ಜೀಬ್ರಾ ಜಾತಿಯ ದಕ್ಷಿಣ ಆಫ್ರಿಕಾದ ಪ್ರಾಣಿ. ಕೊನೆಯದು 1883ರಲ್ಲಿ ಆಮ್‌ಸ್ಟರ್‌ಡ್ಯಾಮ್ ಮೃಗಾಲಯದಲ್ಲಿ ಸತ್ತುಹೋಗಿ ಸಂತತಿಯೇ ಅಳಿಯಿತಂತೆ. ಅದಕ್ಕೆ ಡೊಂಬಿವಲಿಯಲ್ಲಿ ಏನು ಕೆಲಸ? ಆದರೆ ನಮ್ಮಲ್ಲಿ ಇದು ಹೊಸದಲ್ಲ. 104ರ ಮಾಲೀಕರು ತೀರಿಹೋಗಿ ಒಂಬತ್ತು ವರ್ಷ, ಶೇರ್ ಸರ್ಟಿಫಿಕೇಟ್ ಇನ್ನೂ ಅವರ ಹೆಸರಲ್ಲೇ ಇದೆ, ಮತದಾನಕ್ಕೂ ಎಣಿಸುತ್ತಾರೆ.

ಈ ಪ್ರಾಣಿಗಳು ಬರೀ ನೋಡಿಕೊಂಡು ಹೋಗಲಿಲ್ಲ. ಎಲ್ಲರೂ ಸಂಪಾದಕರಲ್ಲವೇ, ಸಂಪಾದಿಸಿದರು. ಬಿಲ್ಡಿಂಗಿನ ಒಟ್ಟು ಕಾರ್ಪೆಟ್ ಏರಿಯಾ 12,400 ಚದರ ಅಡಿ ಇದ್ದದ್ದು ಒಂದು ಸೋಮವಾರ ಬೆಳಿಗ್ಗೆ 13,150 ಆಗಿತ್ತು. ಒಂದು ಇಟ್ಟಿಗೆ ಇಡದೆ, ಮುನಿಸಿಪಾಲಿಟಿಗೆ ಅರ್ಜಿ ಹಾಕದೆ, ರಾತ್ರೋರಾತ್ರಿ ಎರಡು ಮನೆ ಎದ್ದಿದ್ದವು. ಬಿಲ್ಡರ್ ಕಡೆಯ ಆರ್ಕಿಟೆಕ್ಟ್ ಬಂದು, ಗೋಡೆಯನ್ನೂ ಕಾರ್ಪೆಟ್ಟಿಗೆ ಸೇರಿಸಿದರೂ ಈ ಲೆಕ್ಕ ಕೂಡುವುದಿಲ್ಲ ಎಂದು ಕೈಮುಗಿದ. ವರ್ಷನ್ ಹಿಸ್ಟರಿ ತೆಗೆದು ನೋಡಿದರೆ, ತಿದ್ದಿದವರ ಹೆಸರಿನ ಜಾಗದಲ್ಲಿ ಬರೀ "ಅನಾಮಧೇಯ".

ತುರ್ತು ಸಭೆ ಕರೆದರು. ಭಾನುವಾರ ರಾತ್ರಿ ಎಚ್ಚರವಿದ್ದ ಸೆಕ್ರೆಟರಿಯವರು ಒಬ್ಬ ಸಾಕ್ಷಿ. ಅವರು ಕಣ್ಣಾರೆ ನೋಡಿದ್ದರಂತೆ, ಅಂಕಿ ತಿದ್ದುತ್ತಿದ್ದದ್ದು ಪ್ರಾಣಿಯೂ ಅಲ್ಲ, ಅನಾಮಧೇಯ ಕುಂಬಳಕಾಯಿ. ಗೂಗಲಿನ ಪಟ್ಟಿಯಲ್ಲಿ ಅದೂ ಇದೆ. ಚೇರ್ಮನ್ ಎದ್ದು ನಿಂತು, "ಇಲ್ಲಿ ಕುಂಬಳಕಾಯಿ ಯಾರು, ಮರ್ಯಾದೆಯಿಂದ ಒಪ್ಪಿಕೊಳ್ಳಿ" ಎಂದು ಮೂರು ಭಾಷೆಯಲ್ಲಿ ಕೇಳಿದರು. ಮರಾಠಿಯವರು ನಕ್ಕರು. ಗುಜರಾತಿಯವರು ಮೊಬೈಲ್ ನೋಡಿದರು. ನಮ್ಮ ಕನ್ನಡದವರು ಮಾತ್ರ ಒಬ್ಬರೂ ಅಲ್ಲಾಡಲಿಲ್ಲ. ಕುಂಬಳಕಾಯಿ ಕಳ್ಳನ ಗಾದೆ ನೆನಪಾಗಿ, ಎಲ್ಲಿ ಕೈ ಹೆಗಲಿಗೆ ಹೋಗಿಬಿಡುತ್ತದೋ ಎಂದು ಹೆದರಿ ಹದಿನಾಲ್ಕು ಜನ ಕೈಕಟ್ಟಿ ಕೂತಿದ್ದರು. ಸೆಕೆಗೆ ಬೆವರು ಒರೆಸಿಕೊಳ್ಳಲೂ ಇಲ್ಲ. ಒಂದು ಗಂಟೆ ಚರ್ಚೆಯಾಗಿ, ಹಳೇ ಅಂಕಿಗಳನ್ನು ಮತ್ತೆ ಹಾಕಬೇಕೆಂದೂ, ಗೇಟಿನ ರಿಜಿಸ್ಟರಿನಲ್ಲಿ ಇನ್ನೊಂದು ಕಾಲಮ್ ಹೆಚ್ಚಿಸಬೇಕೆಂದೂ ಠರಾವು ಪಾಸಾಯಿತು. ಲಿಂಕ್ ಬಗ್ಗೆ ಯಾರೂ ಮಾತಾಡಲಿಲ್ಲ. ಅದನ್ನು ಮುಚ್ಚಿದರೆ ಮತ್ತೆ ಅಷ್ಟೂ ಜನ ಅನುಮತಿ ಕೇಳುತ್ತಾರೆ ಅಂತ ಸೆಕ್ರೆಟರಿಯವರಿಗೆ ಭಯ.

ನಿನ್ನೆ ರಾತ್ರಿ ಊಟ ಮುಗಿಸಿ, ಸುಮ್ನೆ ಇರಲಾರದೆ ಶೀಟ್ ತೆರೆದೆ. ಎಲ್ಲ ಶಾಂತವಾಗಿತ್ತು. ಒಂದು ಅನಾಮಧೇಯ ಆಮೆ ಎರಡನೇ ಮಾಳಿಗೆಯಲ್ಲಿ ನಿದ್ದೆ ಹೋಗಿತ್ತು. ಹತ್ತು ನಿಮಿಷ ಕಳೆದಿರಬಹುದು, ಮೇಲುಗಡೆ ಬಣ್ಣದ ಚುಕ್ಕೆ ಮೂಡಿತು. ಕುಂಬಳಕಾಯಿ! ಉಸಿರು ಬಿಗಿಹಿಡಿದೆ. ಅದರ ಕರ್ಸರ್ 401 ದಾಟಿ ಮೆಲ್ಲಗೆ ಕೆಳಗಿಳಿಯಿತು. 402ರ ಸಾಲಿನಲ್ಲಿ ನಿಂತಿತು. ನಮ್ಮದೇ ಮನೆ. 375 ಅಳಿಸಿತು. 3 ಬಂತು, 9 ಬಂತು, ಆಮೇಲೆ ಸ್ವಲ್ಪ ಹೊತ್ತು ಏನೂ ಬರಲಿಲ್ಲ.

ಒಳಗಿನ ಕೋಣೆಯಿಂದ ಹೆಂಡತಿಯ ಸ್ವರ ಕೇಳಿತು. "ರೀ, ಬಾಲ್ಕನಿ ಸೇರಿಸಿದ್ರೆ ನಮ್ಮದು 395 ಅಲ್ವಾ?"

ನಾನು ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡು, ಹೌದು ಅಂದೆ.